ಬೇರೆಯವರ ಗಿಟಾರು

ಗಿಟಾರಿಗೆ ಸಿಕ್ಕಿಸುವ ವೈರು ಎಲ್ಲೂ ಕಾಣಲಿಲ್ಲ. ವಾಲ್ದೊ ವೇದಿಕೆಯ ಹಿಂದೆ ಮುಂದೆ ಹುಡುಕಿ, ಕೊನೆಗೆ ಅವಸರದಲ್ಲಿ ಓಡಾಡುತ್ತಿದ್ದ ಟಿವಿಯವಳೊಬ್ಬಳನ್ನು ಕೇಳಿದ.

“ವೈರು ಯಾಕೆ? ನಾವು ರೆಕಾರ್ಡು ಹಾಕ್ತೀವಿ. ನೀವು ನುಡಿಸೋ ಹಾಗೆ ಬೆರಳಾಡಿಸಿ ಸಾಕು. ನಗ್ತಾ ಇರಿ.”

ವಾಲ್ದೊ ಅಕ್ಕನ ಕಡೆ ನೋಡಿದ. ತಂಡದ ಹಾಡುಗಾರ್ತಿಯೂ ಆಗಿದ್ದ ಜುಸಾರಾ ಮಿಂಚುವ ಬೂಟಿನ ಪಟ್ಟಿ ಬಿಗಿಯುತ್ತಿದ್ದಳು. “ಇಲ್ಲಿ ಎಲ್ರೂ ಹಂಗೇ ಮಾಡೋದಂತೆ, ಸುಮ್ನಿರು” ಎಂದಳು. ತಲೆ ಎತ್ತಲಿಲ್ಲ.

ದೂರದ ಉತ್ತರದಲ್ಲಿ ತೊಕಾಂತಿನ್ಸ್ ನದಿ ದಡದ ತಮ್ಮೂರು ಕಮೆತಾದಿಂದ ಸಾವೊ ಪಾಲೊದ ಈ ಸ್ಟುಡಿಯೊದವರೆಗೆ ಅವರನ್ನು ಎಳೆದು ತಂದದ್ದು ಒಂದೇ ಹಾಡು. ಅಕ್ಕ ಕಟ್ಟಿದ್ದು, ತಮ್ಮ ಗಿಟಾರಿನಲ್ಲಿ ಕುಣಿಸಿದ್ದು. ಮೀನುಪೇಟೆಯ ಹಿಂದಿನ ಕೋಣೆಯಲ್ಲಿ ಹಾಡಿ ಮಾಡಿದ ಕ್ಯಾಸೆಟ್ಟು ದೋಣಿಯಿಂದ ದೋಣಿಗೆ ದಾಟಿತು. ಬೆಲೆಂ ಪಟ್ಟಣದ ಕೈಗಾಡಿಯವರು ನಕಲು ಮಾಡಿ ಕೂಗಿ ಕೂಗಿ ಮಾರಿದರು. ಭಾನುವಾರದ ಕುಣಿತಗಳಲ್ಲಿ ಗೋಡೆಯೆತ್ತರದ ಸ್ಪೀಕರುಗಳು ಅದನ್ನೇ ಮೊಳಗಿಸಿದವು. ‘ಮರೆ ಶೆಯಾ’, ಅಂದರೆ ತುಂಬಿದ ಉಬ್ಬರ, ಎಂಬ ಆ ತಂಡದ ಹಾಡು ಕೇಳಿಸದ ಅಸಾಯಿ ಹಣ್ಣಿನ ರಸದ ಅಂಗಡಿ ಪಾರಾ ಸೀಮೆಯಲ್ಲಿ ಇರಲಿಲ್ಲ. ಆಮೇಲೆ ಸಾವೊ ಪಾಲೊದ ಕಂಪನಿಯೊಂದು, ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿ ದೇಶಕ್ಕೆಲ್ಲ ಹಂಚುತ್ತೇವೆಂದು ಕರೆಸಿಕೊಂಡಿತು. ನುಡಿಸುವವರೆಲ್ಲ ನುಡಿಸಿ ಊರಿಗೆ ಮರಳಿದರು. ಜುಸಾರಾಳನ್ನು ಮಾತ್ರ ಇನ್ನೂ ಒಂದು ವಾರ ಉಳಿಸಿಕೊಂಡರು. ಆ ಮುದ್ರಣ ಹೊರಬರುವುದೇ ಇವತ್ತು, ಈ ಕಾರ್ಯಕ್ರಮದಲ್ಲಿ. ವಾಲ್ದೊ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ದೀಪಗಳು ಹೊತ್ತಿಕೊಂಡವು. ಕಾರ್ಯಕ್ರಮ ನಡೆಸುವವನು ಜುಸಾರಾಳ ನದಿ ಸೀಮೆಯ ಮಾತನ್ನು ಅಣಕಿಸಿ ತೋರಿಸಿದ. ಜನ ನಕ್ಕರು. ಅವಳೂ ನಕ್ಕಳು. ಹಾಡು ಶುರುವಾಯಿತು.

ವಾಲ್ದೊನ ಬೆರಳು ಮೊದಲ ಸ್ವರಕ್ಕೇ ತಡವರಿಸಿತು. ಸ್ವರಗಳು ಅವೇ, ಗಿಟಾರು ಅವನದಲ್ಲ. ತುಸು ಹಿಂದೆ ಉಳಿದು, ಓಡಿಬಂದು ತಾಳವನ್ನು ಹಿಡಿಯುವ ಅವನ ಚೇಷ್ಟೆ ಎಲ್ಲೂ ಇಲ್ಲ. ಸೋಪು ಹಾಕಿ ತಿಕ್ಕಿ ತೊಳೆದಂತಿತ್ತು. ಪಕ್ಕದಲ್ಲಿ ಜುಸಾರಾ ಸೊಂಟ ಕುಣಿಸುತ್ತಾ ತುಟಿಯಾಡಿಸುತ್ತಿದ್ದಳು. ಪಲ್ಲವಿ ಬಂತು, ಹೋಯಿತು. ಅವನ ಕಿವಿಗೆ ಆ ಗಿಟಾರು ಬಿಟ್ಟು ಬೇರೇನೂ ಬೀಳಲಿಲ್ಲ. ಗಿಟಾರಿನ ಸರದಿ ಬಂದಾಗ ಕ್ಯಾಮೆರಾ ಅವನ ಕೈಗಳ ಹತ್ತಿರಕ್ಕೆ ಸರಿಯಿತು. ವಾಲ್ದೊ ಎರಡೂ ಕೈ ಮೇಲೆತ್ತಿದ. ಗಿಟಾರು ತನ್ನ ಪಾಡಿಗೆ ನುಡಿಯುತ್ತಲೇ ಇತ್ತು.

“ನೋಡ್ರಪ್ಪಾ ಕಾಡಿನವರ ಮಾಟ, ಗಿಟಾರು ತಾನೇ ನುಡೀತಿದೆ” ಎಂದ ಕಾರ್ಯಕ್ರಮದವನು. ಚಪ್ಪಾಳೆ ಬಿತ್ತು.

ಬಣ್ಣ ಹಚ್ಚುವ ಕೋಣೆಯಲ್ಲಿ ಜುಸಾರಾ ಬಾಗಿಲು ಹಾಕಿ, ಅದಕ್ಕೇ ಒರಗಿ ನಿಂತಳು. “ಯಾಕೋ ಕೈ ಎತ್ತಿದೆ?”

“ಆ ಗಿಟಾರು ನನ್ನದಲ್ಲ.”

“ಅಷ್ಟೇನಾ?”

“ಅಷ್ಟೇನಾ ಅಂತೀಯಲ್ಲ, ನಾಚ್ಕೆ ಆಗಲ್ವಾ ನಿನಗೆ?” ವಾಲ್ದೊ ಕುರ್ಚಿಯನ್ನು ಒದ್ದ. ಅದು ಕನ್ನಡಿಗೆ ಬಡಿದು ಬಿತ್ತು. “ನನ್ನ ಬೆರಳು ಕಿತ್ತು ಇನ್ಯಾವನದೋ ಬೆರಳು ಅಂಟಿಸಿದಾರೆ. ನಿನಗೆ ಗೊತ್ತಿತ್ತು ತಾನೆ?”

“ಗೊತ್ತಿತ್ತು. ಹಳ್ಳಿ ಗಿಟಾರು, ಬೇಡ ಅಂದ್ರು. ಒಪ್ಪದೆ ಇದ್ರೆ ಹಾಡೇ ಬೇಡ ಅಂದ್ರು. ಹೂಂ ಅಂದೆ.”

“ತಮ್ಮನ್ನ ಮಾರ್ಕೊಂಡು ಬಂದೆ ಅನ್ನು.”

“ಬಿಡ್ರೋ, ಆಚೆ ಕೇಳಿಸ್ತದೆ” ಎಂದ ಮೂಲೆಯಲ್ಲಿದ್ದ ಡ್ರಮ್ಮಿನ ತಾದೆವು.

“ಕೇಳಿಸ್ಲಿ. ಇವಳಿಗೇನು ಹೋಯ್ತು ಹೇಳು? ಮುಖ ಇವಳ್ದೇ, ಬೂಟು ಇವಳ್ದೇ, ದನಿ ಇವಳ್ದೇ. ಮಣ್ಣು ತಿಂದಿದ್ದು ನಾನೊಬ್ನೇ.”

ಜುಸಾರಾ ಅಂಟಿಸಿದ್ದ ಕಣ್ರೆಪ್ಪೆ ಕೀಳುತ್ತಿದ್ದಳು. ಕೈ ಅಲ್ಲೇ ನಿಂತಿತು.

“ದನಿ ನನ್ನದಾ?”

ಕಿತ್ತ ರೆಪ್ಪೆಯನ್ನು ಅವಳು ನೆಲಕ್ಕೆ ಹಾಕಿದಳು.

“ಪಲ್ಲವಿಲಿ ಹಾಡಿದ್ದು ನಾನಲ್ಲ. ನಮ್ಮ ಮಾತಿನ ಎಳೆತ ಇವರ ಕಿವಿಗೆ ಒರಟಂತೆ. ವಾರಪೂರ್ತಿ ಕೂರಿಸ್ಕೊಂಡು ತಿದ್ದಿದ್ರು. ನಾಲಗೆ ತಿರುಗ್ಲಿಲ್ಲ. ಕೊನೆಗೆ ಇಲ್ಲಿಯವಳೇ ಒಬ್ಬ ಹುಡುಗೀನ ಕರ್ಸಿ ಹಾಡ್ಸಿದ್ರು. ನಾನು ಗಾಜಿನ ಈಚೆ ನಿಂತು ಕೇಳ್ದೆ.” ಅವಳ ದನಿ ಏರಲಿಲ್ಲ. “ನಿನಗೆ ಯಾಕೆ ಹೇಳ್ಲಿಲ್ಲ ಗೊತ್ತಾ? ಹೇಳೋದೇ ಬೇಡ, ಒಂದು ಸಾಲಿಗೇ ಕಂಡುಹಿಡೀತಾನೆ ಅಂದ್ಕೊಂಡಿದ್ದೆ. ಅಮ್ಮ ಸತ್ತ ಮೇಲೆ ಈ ದನಿ ಕೇಳ್ಕೊಂಡೇ ಅಲ್ವಾ ನೀನು ನಿದ್ದೆ ಮಾಡ್ತಿದ್ದಿದ್ದು? ನೀನು ಕೈ ಎತ್ತಿದಾಗ, ನನಗೋಸ್ಕರ ಅಂತ ನಂಬಿದ್ದೆ ಕಣೋ. ಒಂದು ಗಳಿಗೆ.”

ವಾಲ್ದೊ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ಜುಸಾರಾ ಬೂಟು ಬಿಚ್ಚಿ ಅವನ ಕಾಲ ಬುಡಕ್ಕೆಸೆದಳು. “ಹಾಕ್ಕೊ. ನೀನೇ ಹಾಡು, ನೀನೇ ಕುಣಿ. ನಾನಂತೂ ಇನ್ನು ನಿನ್ನ ಪಕ್ಕ ನಿಲ್ಲಲ್ಲ.” ಬರಿಗಾಲಲ್ಲೇ ಹೊರಟುಹೋದಳು.

ಮರೆ ಶೆಯಾ ಮತ್ತೆ ವೇದಿಕೆ ಹತ್ತಲಿಲ್ಲ. ವಾಲ್ದೊ ಮೂರು ಸಲ ಬೆಲೆಂಗೆ ಹೋಗಿ, ಅಲ್ಲಿ ಬೇರೆ ಮನೆ ಮಾಡಿದ್ದ ಅಕ್ಕನ ಬಾಗಿಲು ತಟ್ಟಿದ. ಒಳಗೆ ದೀಪ ಉರಿಯುತ್ತಿತ್ತು, ಬಾಗಿಲು ತೆರೆಯಲಿಲ್ಲ. ಹಾಡಿಗೆ ಮಾತ್ರ ಏನೂ ಆಗಲಿಲ್ಲ. ಆ ವರ್ಷ ಅದು ದೇಶದ ಮೂಲೆ ಮೂಲೆ ಮುಟ್ಟಿತು. ಕಮೆತಾದಲ್ಲೂ ಹೆಂಗಸರು ಮೀನು ಸೀಳುತ್ತಾ ಅದನ್ನೇ ಗುನುಗಿದರು, ಪಲ್ಲವಿ ಬಂದಾಗ ನಾಲಗೆ ತಿದ್ದಿಕೊಂಡು, ಸಾವೊ ಪಾಲೊದ ಆ ಹುಡುಗಿಯ ಹಾಗೆ.