ಮನೆಯವರಾದರೂ ಹೇಳಬಾರದೇ

ದೂರಿನ ಗುಂಡಿ ಒತ್ತಿದ ಪಿಟೀಲಜ್ಜ ಕುಸ್ತಿ ಗೆದ್ದವನಂತೆ ಫೋನನ್ನು ಮೇಜಿನ ಮೇಲಿಟ್ಟ. ಇವತ್ತೋ ನಾಳೆಯೋ ಆ ವಿಡಿಯೊ ತೊಲಗಲೇಬೇಕು.

ವಿಡಿಯೊದಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಕಪ್ಪು ಪರದೆ, ಅದರ ಹಿಂದೆ ಕಾಣದ ಒಬ್ಬ ಗಂಡಸಿನ ಗುನುಗು. ಹೊಸದಾಗಿ ಬಂದ ಆ್ಯಪ್‌ನಲ್ಲಿ ಯಾರೋ ‘ಪಾಪುವಿನ ನಿದ್ದೆ’ ಎಂದು ಹೆಸರಿಟ್ಟು ಹಾಕಿದ್ದರು. ತಾಯಂದಿರು ಮುಗಿಬಿದ್ದು ಕೇಳುತ್ತಿದ್ದರು. ನಮ್ಮ ಹಟಮಾರಿಯೂ ಕಣ್ಣು ಮುಚ್ಚಿತು, ನಿಮಗೆ ಪುಣ್ಯ ಬರಲಿ ಎಂದು ಕೆಳಗೆ ಬರೆಯುತ್ತಿದ್ದರು. ಆ ಹೊಗಳಿಕೆಯ ರಾಶಿಯಲ್ಲಿ ಅಜ್ಜನ ಮಾತೊಂದು ಅನ್ನದಲ್ಲಿ ಸಿಕ್ಕ ಕಲ್ಲಿನಂತಿತ್ತು:

“ಮೂಗಿನಲ್ಲಿ ಹಾಡುತ್ತಾನೆ. ಮೆಟ್ಟಿಲು ಹತ್ತುವ ಮುದುಕನಂತೆ ನಿಷಾದ ಸ್ವರಕ್ಕೆ ಬಂದಾಗಲೆಲ್ಲ ಕಾಲು ಜಾರುತ್ತಾನೆ. ಹಿಂದೆ ಯಾರೋ ಗರಗರ ಮರ ಉಜ್ಜುತ್ತಿದ್ದಾರೆ. ಹಾಡುವಾಗಲಾದರೂ ಬಡಗಿಯನ್ನು ಆಚೆ ಕಳಿಸಬಾರದಿತ್ತೇ? ಈತನಿಗೆ ಮನೆಯವರಾದರೂ ಹೇಳಬಾರದೇ?”

ಬರೆದದ್ದನ್ನು ಅಜ್ಜ ಊಟದ ಹೊತ್ತಿಗೆ ಮನೆಯವರ ಮುಂದೆ ಓದಿದ್ದ. ಸೊಸೆ ತಟ್ಟೆ ನೋಡುತ್ತ ಕೂತಳು. ಅಜ್ಜಿ ನೀರು ಬಡಿಸುತ್ತ, “ಮನೆಯವರು ಹೇಳಿ ಹೇಳಿ ಸೋತಿರ್ತಾರೆ ಬಿಡಿ” ಎಂದಳು.

ಪಿಟೀಲು ರಿಪೇರಿ ಅಜ್ಜನ ಕಸುಬು. ಪಿಟೀಲು ಕುಯ್ಯುವುದು ಅವನ ಗುಣವೂ ಹೌದೆಂದು ಬೀದಿಯವರು ನಗುತ್ತಿದ್ದರು. ಬಿರುಕುಬಿಟ್ಟ ವಾದ್ಯವನ್ನು ಬೆರಳಲ್ಲಿ ತಟ್ಟಿಯೇ ಅದರ ಕಾಯಿಲೆ ಹೇಳುವ ಕಿವಿ ಅವನದು. ದೇವರು ಆ ಕಿವಿಗಳನ್ನು ಹೊರಕ್ಕೆ ತಿರುಗಿಸಿ ಇಟ್ಟಿದ್ದರಿಂದ ಲೋಕದ ತಪ್ಪೆಲ್ಲ ತಾನಾಗಿ ಒಳಗೆ ಬಂದು ಬೀಳುತ್ತಿತ್ತು. ಕೈಗೆ ಫೋನು ಬಂದ ಮೇಲಂತೂ ಬಿಡುವೇ ಇಲ್ಲ. ಸೋಪಿನ ಜಾಹೀರಾತಿನ ತಂತಿ ಸಡಿಲ, ಬಿಸ್ಕತ್ತಿನ ಜಾಹೀರಾತಿನ ತಾಳ ಕುಂಟು, ಕುಣಿಯುವ ಹುಡುಗಿಯರ ಹಾಡಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಎಲ್ಲದರ ಕೆಳಗೂ ಅವನ ಷರಾ. “ನನ್ನ ಕಿವಿಯೇ ನನಗೆ ಶತ್ರು ಕಣೇ” ಎಂದು ಹೆಂಡತಿಯ ಹತ್ತಿರ ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರಿನಲ್ಲಿ ಹೆಮ್ಮೆಯ ಪಾಲೇ ಹೆಚ್ಚು.

ಆದರೆ ಈ ಗುನುಗಿನಷ್ಟು ಯಾವುದೂ ಅವನನ್ನು ಕಾಡಿರಲಿಲ್ಲ. ಯಾಕೆಂದರೆ ಅದು ಅವನ ಮನೆಯೊಳಗೇ ಹಾಡುತ್ತಿತ್ತು.

ಮೊಮ್ಮಗಳು ಹುಟ್ಟಿದ ಹೊಸತರಲ್ಲಿ ತೊಟ್ಟಿಲು ಅಂಗಡಿಯ ಹಿಂಬಾಗಿಲ ಹತ್ತಿರವೇ ಇತ್ತು. ಕೂಸು ದಿನವಿಡೀ ಗಡದ್ದಾಗಿ ಮಲಗುತ್ತಿತ್ತು. ವಾರ್ನಿಷ್ ವಾಸನೆ ಮಗುವಿಗೆ ಆಗದು ಎಂದು ತೊಟ್ಟಿಲು ಮಹಡಿಗೆ ಹೋಯಿತು. ನಿದ್ದೆ ಕೆಳಗೇ ಉಳಿಯಿತು. ಸೊಸೆ ಆ ವಿಡಿಯೊ ಹಚ್ಚಲು ಶುರು ಮಾಡಿದ ಮೇಲೆಯೇ ಮನೆ ತಣ್ಣಗಾದದ್ದು. ಅಜ್ಜನ ಹೊಟ್ಟೆ ಮಾತ್ರ ಉರಿಯಿತು. ಇಷ್ಟು ಒಳ್ಳೆಯ ಕಿವಿಯ ವಂಶದ ಕುಡಿಗೆ ಜಾರುವ ನಿಷಾದದ ಜೋಗುಳವೇ? ತನ್ನಂತೆಯೇ ಪುರಸೊತ್ತಿದ್ದ ರಸಿಕರನ್ನೆಲ್ಲ ಕೂಡಿಸಿಕೊಂಡು, ಒಬ್ಬೊಬ್ಬರಿಂದಲೂ ದೂರು ಒತ್ತಿಸಿದ.

ವಿಡಿಯೊ ಹೋಯಿತು.

ಆ ದಿನ ಮಧ್ಯಾಹ್ನ ಶುರುವಾದ ಅಳು ನಿಲ್ಲಲಿಲ್ಲ. ಫೋನಿನಲ್ಲಿ ಇಟ್ಟುಕೊಂಡಿರಲಿಲ್ಲವಾ ಎಂದು ಅಜ್ಜಿ ಕೇಳಿದರೆ, ಜಾಗ ಸಾಲದೆ ಅಳಿಸಿಬಿಟ್ಟೆ ಎಂದು ಸೊಸೆ ಕಣ್ಣೊರೆಸಿಕೊಂಡಳು. ಅಜ್ಜ ದೊಡ್ಡ ವಿದ್ವಾಂಸರ ಗಾಯನ ಹಚ್ಚಿದ. ಕಡೆಗೆ ತಾನೇ ಶ್ರುತಿ ಮಾಡಿದ ಪಿಟೀಲು ತಂದು, ತುಟಿ ಬಿಗಿಹಿಡಿದು ನುಡಿಸಿದ. ಶುದ್ಧ ನಿಷಾದ ಕೇಳಿ ಕೂಸು ಇನ್ನೂ ದೊಡ್ಡ ದನಿ ತೆಗೆಯಿತು. ಮರುದಿನ ಹಾಲನ್ನೂ ಬಿಟ್ಟಿತು. ನಿದ್ದೆಯೊಂದು ಆಗಲಿ, ಮಿಕ್ಕದ್ದೆಲ್ಲ ಸರಿಹೋಗುತ್ತದೆ ಎಂದರು ಡಾಕ್ಟರು.

ಅಜ್ಜ ಮೂಲೆಯಲ್ಲಿ ಕೂತು ಆ್ಯಪ್ ತಡಕಾಡಿದ. ಅದರಲ್ಲಿ ದೂರು ಕೊಡುವ ಗುಂಡಿ ಇತ್ತು, ಕೊಟ್ಟ ದೂರನ್ನು ನುಂಗುವ ಗುಂಡಿ ಇರಲಿಲ್ಲ. ದೇವರೇ, ಆ ಬೆಪ್ಪನ ಹಾಡು ವಾಪಸ್ ಕೊಡು, ಇನ್ನೆಂದೂ ಬಾಯಿ ಬಿಡೋದಿಲ್ಲ ಎಂದು ಮೊರೆಯಿಟ್ಟ. ಯಾವುದಕ್ಕೂ ಬಾಯಿ ಬಿಡೋದಿಲ್ಲ ಎಂದು ಹರಕೆ ಹೊರುವಷ್ಟು ಮಾತ್ರ ಧೈರ್ಯ ಸಾಲಲಿಲ್ಲ.

ಆಗ ಸೊಸೆ ಕೂಸನ್ನು ಎತ್ತಿಕೊಂಡು ಅಂಗಡಿಗಿಳಿದಳು. ಹಿಂದೆ ಅಜ್ಜಿ. ವಾರ್ನಿಷ್ ಡಬ್ಬಗಳನ್ನು ಆಚೆ ಸಾಗಿಸಿ, ಕಿಟಕಿಗಳನ್ನೆಲ್ಲ ತೆರೆದು, ಹಿಂಬಾಗಿಲ ಹತ್ತಿರ ಹಾಸಿಗೆ ಹಾಸಿದರು.

“ಮಾವ, ನೀವು ನಿಮ್ಮ ಕೆಲಸ ಮಾಡ್ತಾ ಇರಿ. ಅಷ್ಟು ಸಾಕು.”

ಅಜ್ಜ ಅರ್ಥವಾಗದೆ ಉಪ್ಪುಕಾಗದ ಹಿಡಿದು ಪಿಟೀಲಿನ ಕತ್ತು ಉಜ್ಜತೊಡಗಿದ. ಕೆಲಸಕ್ಕೆ ಕೈ ಹತ್ತಿದರೆ ಅವನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಉಸಿರಾಯಿತು. ಉಪ್ಪುಕಾಗದ ಕೆಳಗಿಟ್ಟು, ಕತ್ತಿನ ನುಣುಪನ್ನು ಹೆಬ್ಬೆರಳಲ್ಲಿ ಸವರುವಾಗ ಅವನಿಗೆ ಥಟ್ಟನೆ ಹೊಳೆಯಿತು. ಮಗುವಿಗೆ ಬೇಕಾಗಿದ್ದದ್ದು ಆ ಹಾಡುಗಾರನಲ್ಲ, ಅವನ ಹಿಂದಿದ್ದ ಬಡಗಿ! ತನ್ನ ಕಿವಿಯೇ ಕೊನೆಗೂ ಗೆದ್ದಿತು. ಹೇಳಿಬಿಡೋಣವೆಂದು ತಲೆಯೆತ್ತಿದ.

ಕೂಸು ಮುಖ ಕಿವುಚಿ ನರಳಿತು.

“ನಿಲ್ಲಿಸಬೇಡಿ ಮಾವ” ಎಂದಳು ಸೊಸೆ.

ಅಜ್ಜ ಗಡಿಬಿಡಿಯಲ್ಲಿ ಉಪ್ಪುಕಾಗದಕ್ಕೆ ಕೈಹಾಕಿದ. ಅಜ್ಜಿ ಆ ಕೈಯನ್ನು ಮೆಲ್ಲಗೆ ಹಿಡಿದಳು.

“ಕೈಯಲ್ಲ ರೀ, ಬಾಯಿ. ನಿಮ್ಮ ನಿಷಾದ ಜಾರಿದ್ರೇನೇ ಅದು ಮಲಗೋದು.”