ಬಾಪನ ಗ್ಯಾಸ್‌ಲೈಟು

"ಇಲ್ಲಿ ಯಾರಾದ್ರೂ ಗ್ಯಾಸ್‌ಲೈಟಿನ ಮ್ಯಾಂಟಲ್ ಬಿಸಾಡ್ತಿದ್ರಾ, ಯೂಸುಫಾಕ?" ಎಂದು ಭವಿತಾ ಕೇಳಿದಾಗ ಯೂಸುಫ್ ಹಿಂದೆಮುಂದೆ ನೋಡದೆ ಇಲ್ಲ ಎಂದುಬಿಟ್ಟರು.

ಎಪ್ಪತ್ತೆರಡರ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಬಿಸಿಯಾಯಿತು. ಸಂಪಾಜೆಯಲ್ಲಿ ಪಯಸ್ವಿನಿ ಹೊಳೆಗೆ ಇಳಿಯುವ ಮೆಟ್ಟಿಲುಗಳ ಮೇಲ್ಗಡೆಯೇ ಅವರ ಮನೆ. ಸುಳ್ಯದ ಈ ಹುಡುಗಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ದೂರದ ಅಣುಸ್ಥಾವರವೊಂದರ ಪಕ್ಕದ ಹೊಳೆಗೆ ವಿಕಿರಣ ಸೇರಿದೆಯೇ ಎಂದು ನೋಡಬೇಕಾದರೆ ಹೋಲಿಸಲು ಒಂದು ಶುದ್ಧ ಹೊಳೆ ಬೇಕಂತೆ. ಅದಕ್ಕೆಂದು ಇಲ್ಲಿಂದ ಎರಡು ಸಲ ನೀರು, ಕೆಸರು ತುಂಬಿಕೊಂಡು ಹೋಗಿದ್ದಳು. ನೀರು ಒಳ್ಳೆಯದೇ. ಮೆಟ್ಟಿಲಿನ ಬುಡದ ಬಂಡೆ ಸಂದಿನ ಕೆಸರಿನಲ್ಲಿ ಮಾತ್ರ ಥೋರಿಯಂ ಎಂಬ ವಿಕಿರಣದ ವಸ್ತು ಜಾಸ್ತಿ ಎಂದು ಅವಳ ಮಿಷಿನು ತೋರಿಸಿತ್ತು. ಗ್ಯಾಸ್‌ಲೈಟಿನೊಳಗೆ ಬೆಳಗುವ ಬಟ್ಟೆಬಲೆಯ ಚೀಲ, ಆ ಹಳೆಯ ಕಾಲದ ಮ್ಯಾಂಟಲ್‌ಗಳಲ್ಲಿ, ಅದೇ ಇರುತ್ತಿತ್ತು ಎಂದು ಅವಳೇ ಹೇಳಿದಳು.

ಬಿಸಾಡಿದ್ದು ಬೇರೆ ಯಾರು? ಯೂಸುಫರ ತಂದೆಯೇ. ಬಾಪನ ಹತ್ತಿರ ಬಾಡಿಗೆಗೆ ಕೊಡುವ ಹನ್ನೆರಡು ಗ್ಯಾಸ್‌ಲೈಟುಗಳಿದ್ದವು. ಕರೆಂಟು ಬಾರದ ಆ ದಿನಗಳಲ್ಲಿ ನಿಕಾಹ್ ಆಗಲಿ, ಗೌಡರ ಮನೆಯ ಮದುವೆ ಆಗಲಿ, ಬಾಪ ಬಂದು ಪಂಪು ಹೊಡೆದು ದೀಪ ಸುಂಯ್ ಎಂದ ಮೇಲೆಯೇ ಜನರಿಗೆ ಜನರ ಮುಖ ಕಾಣುತ್ತಿದ್ದುದು. ಬೆಳಿಗ್ಗೆ ಮರಳಿ ಬಂದು, ಉದುರಿದ ಮ್ಯಾಂಟಲಿನ ಬಿಳಿ ಬೂದಿಯನ್ನು ಅಂಗೈಯಲ್ಲಿ ಹಿಡಿದು ಇದೇ ಮೆಟ್ಟಿಲಿಳಿದು ಹೊಳೆಗೆ ಬಿಡುತ್ತಿದ್ದರು. ಬೆಳಕು ಕೊಟ್ಟದ್ದು ಯಾರ ಕಾಲಡಿಗೂ ಬೀಳಬಾರದು ಎಂಬುದು ಅವರ ಹಟ. ಬಾಪನ ಅಂಗಿಯ ಸೀಮೆಎಣ್ಣೆ ವಾಸನೆ ಯೂಸುಫರಿಗೆ ನೆನಪಾಯಿತು. ಅಯ್ಯೋ, ಅಂಥ ಮನುಷ್ಯನನ್ನು ಹೊಳೆಗೆ ವಿಷ ಹಾಕಿದವನೆಂದು ಬರೆಸುವುದೇ?

"ಹಾಗಾದ್ರೆ ಇಲ್ಲಿಯ ಮಣ್ಣಿನ ಗುಣವೇ ಹೀಗೆ ಅಂತ ಬರೀತೇನೆ," ಎಂದಳು ಭವಿತಾ, ಕೆಸರಿನ ಡಬ್ಬಿಗೆ ಚೀಟಿ ಅಂಟಿಸುತ್ತ.

ಬರೆದರೆ ಎಂತ ಆಗುತ್ತದೆ ಎಂದು ಯೂಸುಫ್ ಮೆಲ್ಲಗೆ ವಿಚಾರಿಸಿದರು. ಅವಳು ಮುಚ್ಚುಮರೆ ಮಾಡಲಿಲ್ಲ. ನಾಳೆ ಆ ಸ್ಥಾವರದ ಹೊಳೆಯಲ್ಲಿ ವಿಕಿರಣ ಹೆಚ್ಚು ಕಂಡರೂ, ಶುದ್ಧ ಹೊಳೆಯಲ್ಲೇ ಇಷ್ಟು ಉಂಟಲ್ಲ ಎಂದು ಎಲ್ಲರೂ ಸುಮ್ಮನಾಗಬಹುದು. ಅಲ್ಲಿಯವರೂ ಹೊಳೆಯಲ್ಲೇ ಮೀನು ಹಿಡಿಯುವವರು, ಮಕ್ಕಳನ್ನು ಮೀಯಿಸುವವರು.

ಯೂಸುಫ್ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. "ಹಾಗೆ ಬರೀಬೇಡ ಮಗಳೇ. ಹಾಕಿದ್ದು ನನ್ನ ಬಾಪ, ಮೂವತ್ತು ವರ್ಷ. ಪಾಪ, ಅವರಿಗೆ ಗೊತ್ತಿರ್ಲಿಲ್ಲ."

ಭವಿತಾ ಚೀಟಿ ಕಿತ್ತಳು. ಬಾಪನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಸಂದಿನಲ್ಲಿ ಹೂತಿರುವ ಇಷ್ಟರಿಂದ ಮೀಯುವವರಿಗೆ ತೊಂದರೆಯಿಲ್ಲ, ತಾನು ಮೇಲಿನ ತಿರುವಿನಿಂದ ಬೇರೆ ಕೆಸರು ತೆಗೆಯುತ್ತೇನೆ ಎಂದು ಸಮಾಧಾನ ಹೇಳಿದಳು.

"ಇದು ಇನ್ನೆಷ್ಟು ವರ್ಷ ಇರ್ತದೆ?" ಎಂದು ಕೇಳಿದರು ಯೂಸುಫ್.

"ಸಾವಿರ ಕೋಟಿ ವರ್ಷ ಕಳೆದ್ರೂ ಅರ್ಧಕ್ಕಿಂತ ಹೆಚ್ಚು ಉಳೀತದೆ."

ಯೂಸುಫ್ ಆ ಬಂಡೆಯತ್ತ ಕೈ ತೋರಿಸಿದರು. "ಬಾಪನನ್ನು ಹೂತ ಕಬರಿನ ಕಲ್ಲು ಹುಡುಕಿದ್ರೂ ಈಗ ನನಗೇ ಸಿಕ್ಕುದಿಲ್ಲ," ಎಂದರು. "ನಿನ್ನ ಮಿಷಿನಿಗೆ ಬಾಪ ಸಿಕ್ಕಿದ್ರು ನೋಡು."