ಕಣ್ಣಳತೆ

"ಎಲ್ಲಾ ಚೆನ್ನಾಗಿದೆ ಅಣ್ಣ, ಆದ್ರೆ ಒಂದು ಬಿಟ್ಟುಹೋಗಿದೆ" ಎಂದು ನರ್ಸಮ್ಮ ಗುಲಾಬಿ ಬಟ್ಟೆಯ ಮಾದರಿಯನ್ನು ಮೇಜಿನ ಮೇಲಿಟ್ಟಾಗ, ಟೈಲರ ಮೂಗಿನ ತುದಿಯಲ್ಲೇ ಇದ್ದ ಕೋಪ ಹೊರಗೆ ಬಂತು. ಹೆಂಗಸರ ಆರೋಗ್ಯ ತರಗತಿಯಲ್ಲಿ ತೋರಿಸಲು ಹೆಣ್ಣಿನ ಜನನಾಂಗವನ್ನು ದಿಂಬಿನಷ್ಟು ದೊಡ್ಡದಾಗಿ ಹೊಲಿದುಕೊಡಿ ಎಂದು ಆಕೆ ಕೇಳಿದ್ದರು. ಚಿತ್ರ ಕೊಡುತ್ತೇನೆಂದರೂ ಬೇಡವೆಂದು, ಅವನು ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಕತ್ತರಿ ಆಡಿಸಿದ್ದ.

"ಹದಿನೆಂಟು ವರ್ಷದ ಸಂಸಾರ ನಂದು. ನನಗೆ ಗೊತ್ತಿಲ್ವಾ?"

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಹೆಂಡತಿ ಎದ್ದು ಬಂದಳು. ಗುಂಡಿಗಳ ಡಬ್ಬಿ ತಡಕಿ ಪುಟ್ಟದೊಂದು ಕೆಂಪು ಮಣಿ ಹುಡುಕಿ, ಮಡಿಕೆಗಳು ಮೇಲ್ತುದಿಯಲ್ಲಿ ಕೂಡುವ ಕಡೆ ಇಟ್ಟು, ನಾಲ್ಕು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದಳು.

"ಇದೇನು, ಅಲಂಕಾರಕ್ಕಾ?" ಎಂದ ಟೈಲರು.

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಭಗಾಂಕುರ ಅಣ್ಣ ಅದು. ಹೆಂಗಸಿನ ಸುಖಕ್ಕೆ ಅಂತಲೇ ಇರೋದು. ಬೇರೆ ಕೆಲಸಾನೇ ಇಲ್ಲ ಅದಕ್ಕೆ."

ಮಾದರಿಯನ್ನು ಕಂಕುಳಲ್ಲಿರಿಸಿಕೊಂಡು ಆಕೆ ಹೊರಟುಹೋದ ಮೇಲೂ ಟೈಲರು ಇಂಗು ತಿಂದ ಮಂಗನ ಹಾಗೆ ನಿಂತೇ ಇದ್ದ.

"ಇಷ್ಟು ವರ್ಷ ಬಾಯೇ ಬಿಡಲಿಲ್ವಲ್ಲೇ ನೀನು!"

"ನೀವು ಯಾವತ್ತು ಕೇಳಿದ್ರಿ? ಎಲ್ಲದಕ್ಕೂ ಕಣ್ಣಳತೆ ಅಂತೀರಿ. ದೀಪ ಆರಿಸಿದ ಮೇಲೆ ಎಂಥಾ ಕಣ್ಣಳತೆ?"

ಟೈಲರು ಕೊರಳಿನ ಟೇಪು ತೆಗೆದಿಟ್ಟು ಅಂಗಡಿಯ ಷಟರಿಗೆ ಕೈಹಾಕಿದ. "ನಡಿ, ಮನೆಗೆ ಹೋಗೋಣ."

"ಅಯ್ಯೋ, ಇನ್ನೂ ಹನ್ನೆರಡು ಗಂಟೆ ರೀ!"

"ಅದಕ್ಕೇ. ಬೆಳಕಿದ್ದಾಗಲೇ ಹೇಳಿಕೊಡು."